ಅಜ್ಜನಿಗಿಂತ ದೊಡ್ಡವಳಾದ ಅಜ್ಜಿ

ತಮ್ಮಾ,

ನೀನು ಏಳುವಷ್ಟರಲ್ಲಿ ನಾನು ಕೆಲಸಕ್ಕೆ ಹೋಗಿರುತ್ತೇನೆ. ಹಾಲು ಕಾಯಿಸಿಟ್ಟಿದ್ದೇನೆ, ಬೆಕ್ಕಿಗಿಂತ ಮೊದಲು ಕುಡಿ.

ನಿನ್ನೆ ಅಜ್ಜಿಯ ಹಿಜರಿ ಹುಟ್ಟುತಾರೀಖನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸಿ, "ಅಜ್ಜೀ, ನೀನು ಅಜ್ಜನಿಗಿಂತ ಏಳು ತಿಂಗಳು ದೊಡ್ಡವಳು" ಎಂದು ಊಟದ ಹೊತ್ತಿಗೆ ಡಂಗುರ ಸಾರಿದೆಯಲ್ಲ, ಅದರ ಫಲ ಕೇಳು. ಬೆಳಿಗ್ಗೆ ಎದ್ದವಳೇ ಅಜ್ಜನ ಕುರ್ಚಿಯ ಮುಂದೆ ನಿಂತು, "ಏಳ್ರೀ, ಹಿರಿಯರು ಬಂದ್ರೆ ಜಾಗ ಬಿಡ್ಬೇಕು" ಅಂದಳು. ಈಗ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾಳೆ. ಅಜ್ಜ ಮಾಡಿಕೊಟ್ಟ ಟೀಯನ್ನು "ಸಕ್ಕರೆ ಕಮ್ಮಿ" ಎಂದು ವಾಪಸ್ ಕಳಿಸಿದಳು.

ಜಾಣಪ್ಪ, ನೀನು ಹಿಜರಿ ವರ್ಷಗಳನ್ನು ಎಣಿಸಿ, ಅಷ್ಟನ್ನೇ ಇಂಗ್ಲಿಷ್ ವರ್ಷದಿಂದ ಕಳೆದುಬಿಟ್ಟಿದ್ದೀಯ. ಹಿಜರಿ ಅಂದರೆ ಚಂದ್ರನ ವರ್ಷ, ಇಂಗ್ಲಿಷ್ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು, ಮಹಾನುಭಾವ! ಎಪ್ಪತ್ತು ವರ್ಷಕ್ಕೆ ಅಜ್ಜಿಯ ವಯಸ್ಸಿಗೆ ಎರಡು ವರ್ಷ ಹೆಚ್ಚಿಗೆ ಬಿತ್ತು. ಅಜ್ಜಿಯೇ ಚಿಕ್ಕವಳು.

ಹೇಳೋಣವೆಂದು ಅಡುಗೆಮನೆಗೆ ಹೋದೆ. ಅಜ್ಜ ಎರಡನೇ ಸಲ ಸಕ್ಕರೆ ಹಾಕುತ್ತಿದ್ದರು.

"ಲೆಕ್ಕ ತಪ್ಪು ಅಂತ ನಂಗೆ ನಿನ್ನೇನೇ ಗೊತ್ತಾಯ್ತು" ಅಂದರು. "ಮದ್ವೆ ಆದಾಗಿಂದ ಅವಳು ನಂಗೆ 'ಇದು ಸರಿಯಿಲ್ಲ' ಅಂದಿದ್ದೇ ಇಲ್ಲ. ಸುಮ್ನಿರು. ಸ್ವಲ್ಪ ದಿನ ದೊಡ್ಡವಳಾಗಿರ್ಲಿ."

ಹಾಗಾಗಿ ಬಾಯಿಗೆ ಬೀಗ ಹಾಕಿಕೋ. ಕೇಳಿದರೆ ನಿನ್ನ ಲೆಕ್ಕವೇ ಸರಿ ಅನ್ನು. ಇನ್ನು ಮೇಲೆ ಯಾರ ವಯಸ್ಸಿನ ತಂಟೆಗೂ ಹೋಗಬೇಡ, ಮುಖ್ಯವಾಗಿ ನನ್ನ ವಯಸ್ಸಿನ ತಂಟೆಗೆ.

ಇದನ್ನು ಬರೆಯುತ್ತಿರುವಾಗಲೇ ಅಜ್ಜಿ ಮೊದಲ ಸಲ ಅಜ್ಜನನ್ನು ಹೆಸರು ಹಿಡಿದು ಕೂಗಿದಳು. ಅಜ್ಜ "ಬಂದೇ ರೀ" ಎನ್ನುತ್ತಾ ಓಡಿದರು.

ಅಕ್ಕ