ಹೊಸ್ತಿಲಲ್ಲಿ ಕೇಳದ ಮಾತು

ತೊರೆಪಾಳ್ಯ
ಫೆಬ್ರವರಿ ಮೂವತ್ತೊಂದು, ಇಸವಿ 2231

ನಾನು ಹುಟ್ಟುವ ಹೊತ್ತಿಗೆ ಮಣ್ಣು ಸೇರಿ ಎಷ್ಟೋ ಕಾಲವಾಗಿದ್ದ ತಾಯಂದಿರಿಗೆ ದೊಡ್ಡತಾಯಮ್ಮನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಒಂದೇ ಅಳತೆ ಎಂದು ಕಾನೂನು ಮಾಡಿ ಫೆಬ್ರವರಿಯ ಬಾಯಿಗೂ ಮೂವತ್ತೊಂದು ದಿನ ತುರುಕಿದ್ದಾರೆ. ಮಳೆ ಮಾತ್ರ ಅವರ ಕಾನೂನು ಓದಿಲ್ಲ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಓದಿದ್ದು ಹಳ್ಳಿಯ ಮೂರನೇ ಕ್ಲಾಸು. ಅದರಲ್ಲೂ ಅರ್ಧ ವರ್ಷ ಮೇಷ್ಟರ ಕುರಿ ಕಾದಿದ್ದೇನೆ. ನೀವು ಅರಿಯದ ಪದ ಬಂದರೆ ಬಿಡಿಸಿ ಹೇಳುತ್ತೇನೆ.  

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲಕ್ಕೆ ಹೋಗುವ ಓಲೆ. ಮನೆಯ ಹಿರಿಯರಿಗೆ ಬದುಕಿನಲ್ಲಿ ಒಂದೇ ಸಲ ಬರೆಯಲು ಅಪ್ಪಣೆ. ಯಾರ ಕೈಗೆ ಬೀಳುತ್ತದೋ ಕಳಿಸುವವರಿಗೂ ಗೊತ್ತಿಲ್ಲ. ಪಕ್ಕದ ಮನೆಯ ಈರತಾಯಿ ತನ್ನ ಓಲೆಯಲ್ಲಿ ಹುರುಳಿ ಬಸ್ಸಾರಿಗೆ ಏನೇನು ಅರೆಯುತ್ತಿದ್ದಿರಿ ಎಂದು ಕೇಳಿ ಮುಗಿಸಿಬಿಟ್ಟಳು. ಉತ್ತರ ಬರುವ ದಾರಿಯೇ ಇಲ್ಲವೆಂದು ಆ ಪೆದ್ದಿಗೆ ಆಮೇಲೆ ಹೊಳೆಯಿತು. ನಾನು ನನ್ನದನ್ನು ಸಾಯುವ ಕಾಲಕ್ಕೆಂದು ಇಟ್ಟುಕೊಂಡಿದ್ದೆ. ಈಗ ಮೊಮ್ಮಗಳು ಮಲ್ಲಾಜಿಗಾಗಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಬದುಕು ತಿಳಿಸುತ್ತೇನೆ, ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗದು. ಬಿಸಿಲು ತಾಳಲಾರದೆ ನಾವು ನೆಲದೊಳಗೆ ತೋಡಿದ ತಂಪುಗೂಡುಗಳಲ್ಲಿ ಇರುತ್ತೇವೆ. ನಿಮಗೆ ಹೆದರಿ ಹಾವು ಅಡಗುವಂತೆ ಬಿಸಿಲಿಗೆ ಹೆದರಿ ನಾವು ಅಡಗುತ್ತೇವೆ, ಬಿಲ ಬಿಟ್ಟು ಹೊರಡುವುದು ಹೊತ್ತು ಇಳಿದ ಮೇಲೆಯೇ. ರಾಗಿಯನ್ನು ನೆರಳುಬಲೆಯ ಕೆಳಗೆ ಬೆಳೆಯುತ್ತೇವೆ. ಮುದ್ದೆ ಅದೇ ಮುದ್ದೆ. ಕೋಲು ಮಾತ್ರ ತಾನೇ ತಿರುಗುತ್ತದೆ, ಗಂಟು ಕಟ್ಟಿಸದೆ ಬಿಡುವುದಿಲ್ಲ. ಎಲ್ಲರ ಕೊರಳಲ್ಲೂ ಒಂದು ದನಿಮಣಿ ಇರುತ್ತದೆ. ಎರಡು ಕಡೆಯವರೂ ಅದನ್ನು ಬೆರಳಲ್ಲಿ ಒತ್ತಿ, ಇನ್ನೊಬ್ಬರು ಇರುವ ಜಾಗ ಹೇಳಿದರೆ ಮಾತು ಮುಟ್ಟುತ್ತದೆ. ಒಬ್ಬರು ಜಾಗ ಹೇಳದಿದ್ದರೂ ಮಣಿ ಬರೀ ಗಾಜಿನ ಚೂರು. ಇನ್ನು ಕಡಲು ಉಕ್ಕಿ ನೆಲ ಕಳೆದುಕೊಂಡ ಜನ ದೊಡ್ಡ ದೊಡ್ಡ ತೆಪ್ಪ ಹೆಣೆದು, ಅದರ ಮೇಲೆ ಮಣ್ಣು ಸುರಿದು, ಮನೆ ಕಟ್ಟಿ, ಸೊಪ್ಪು ಬೆಳೆದು ಅದನ್ನೇ ದೇಶ ಮಾಡಿಕೊಂಡಿದ್ದಾರೆ. ತೇಲುನಾಡು ಎಂದು ಅದರ ಹೆಸರು. ಬಿರುಗಾಳಿಗೆ ಹೆದರಿ ಜಾಗ ಬದಲಿಸುತ್ತಲೇ ಇರುತ್ತದೆ. ಕಡಲುಗಳ್ಳರ ಕಾಟದಿಂದ ಮುಂದೆ ಎಲ್ಲಿ ಲಂಗರು ಹಾಕುತ್ತೇವೆಂದು ಎಲ್ಲೂ ಬರೆಯುವುದಿಲ್ಲ. ಕೇಳಿದವರ ಕಿವಿಯಲ್ಲಿ ಹೇಳುತ್ತಾರೆ.

ಆ ನಾಡಿಗೆ ನಮ್ಮ ಶಾಲೆಯ ಮಕ್ಕಳನ್ನು ಗುಂಪಾಗಿ ಕಳಿಸುವುದೆಂದು ಶಿವನಂಜ ಮೇಷ್ಟರು ಗೊತ್ತುಮಾಡಿದರು. ಅಲ್ಲಿನವರ ಮನೆಗಳಲ್ಲೇ ಉಳಿದು, ಅವರ ಭಾಷೆ ಕಲಿತು, ನಡೆನುಡಿ ನೋಡಿ, ಮುಂದಿನ ಬಿತ್ತನೆಯ ಹೊತ್ತಿಗೆ ನಾವೇ ದೋಣಿಯಲ್ಲಿ ಹೋಗಿ ಕರೆತರುವುದು. ಬೇರೆ ಸೀಮೆಗಳ ಮಕ್ಕಳು ಹೋಗಿ ನೆಟ್ಟಗೆ ಬಂದಿದ್ದವು. ನಮ್ಮ ಸೀಮೆಗೆ ಇದೇ ಮೊದಲು. ಮೇಷ್ಟರು ಅಲ್ಲಿನ ಕುಣಿತ ಹೇಳಿಕೊಟ್ಟರು, ಹಸಿ ಮೀನನ್ನು ಮುಖ ಕಿವುಚದೆ ನುಂಗುವುದು ಹೇಳಿಕೊಟ್ಟರು. ಮಲ್ಲಾಜಿ ಮನೆಯೆಲ್ಲ ಆ ಹಾಡು ಗುನುಗುತ್ತ, ನನ್ನನ್ನು ಅವರ ಮಾತಿನಲ್ಲಿ ಅಜ್ಜಿ ಎಂದು ಕರೆದು ನಗುತ್ತಿದ್ದಳು.

ಹೊರಡುವ ದಿನ ಮನೆಗೊಬ್ಬಳಂತೆ ಅಲ್ಲಿಂದ ಕರೆಯಲು ಬಂದರು. ನಮ್ಮ ಮನೆಗೆ ಬಂದವಳು ನನ್ನ ವಯಸ್ಸಿನವಳೇ. ನಮ್ಮ ಮಾತು ಅಷ್ಟಿಷ್ಟು ಕಲಿತಿದ್ದಳು. ಮಲ್ಲಾಜಿಯ ಕೈ ಹಿಡಿದು ಹೊಸ್ತಿಲಲ್ಲಿ ನಿಂತವಳು ಕದಲಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತಳು. ಅರಿಶಿನ ಕುಂಕುಮಕ್ಕೆ ಕಾಯುತ್ತಿದ್ದಾಳೆಂದು ತಿಳಿದು ಕೊಟ್ಟೆ. ಆದರೂ ನಿಂತಳು. ಎಲೆ ಅಡಿಕೆ, ಒಂದು ಗಿಟಕು ಕೊಬ್ಬರಿ ಕೊಟ್ಟೆ. ಆದರೂ ನಿಂತಳು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಇದನ್ನು ನಿಮಗೆ ನಾನು ಹೇಳಬೇಕೆ? ನಮಗೆ ಕಲಿಸಿದವರೇ ನೀವು. ಚಿಕ್ಕಂದಿನಲ್ಲಿ ಒಮ್ಮೆ ಬಾಯಿ ತಪ್ಪಿ ಕೇಳಿದ್ದಕ್ಕೆ ನಮ್ಮವ್ವ ಸೌಟಿನಲ್ಲಿ ಬಾರಿಸಿದ್ದಳು. ಆದ್ದರಿಂದ ನೀವು ಕೇಳುವಂತೆಯೇ ನಯವಾಗಿ, "ದೂರಾನಾ, ತಾಯಿ?" ಎಂದೆ. ಅವಳು "ದೂರ" ಎಂದಳು. ಅವಳ ಕಣ್ಣು ತುಂಬಿತು. ಹೊದ್ದಿದ್ದ ಶಾಲು ತೆಗೆದು ಮಲ್ಲಾಜಿಯ ಮೈ ತುಂಬ ಹೊದಿಸಿ ತಬ್ಬಿಕೊಂಡಳು. ಎಂಥ ಒಳ್ಳೆ ಹೆಂಗಸು, ನನ್ನ ಕೂಸು ಪುಣ್ಯವಂತೆ ಎಂದುಕೊಂಡೆ. ಮೂಗಿನ ತುದಿಯವರೆಗೆ ನೋಡುವ ಬುದ್ಧಿ ನನ್ನದು.

ದೋಣಿ ತೇಲುನಾಡು ಸೇರಿದ ಮೇಲೆ, ಅದು ಇನ್ನೂ ನಮ್ಮ ದಂಡೆಯ ಪಕ್ಕದಲ್ಲೇ ಇದ್ದಾಗ, ಮಲ್ಲಾಜಿ ಮಣಿಯಲ್ಲಿ ಮಾತಾಡಿದಳು. "ಅಜ್ಜಿ, ಇವ್ರದ್ದೊಂದು ತಮಾಸೆ ಕೇಳು. ಮನೆ ಬಿಟ್ಟು ಹೊರಡೋರ್ನ ಮೂರ್ ಸಲ ಎಲ್ಲಿಗೆ ಅಂತ ಕೇಳ್ಲೇಬೇಕಂತೆ. ಕೇಳ್ದೆ ಕಳ್ಸುದ್ರೆ ಆ ಮಗೂನ ಕೊಟ್ಟೇಬುಟ್ರು ಅಂತ ಅರ್ಥವಂತೆ. ಹುಡುಕ್ಕೊಂಡು ಬರೋರು ಯಾರೂ ಇಲ್ಲ ಅಂತ. ಈ ಮನೆಯಜ್ಜಿ ಆಗ್ಲೇ ನಂಗೊಂದು ಹೊಸ ಹೆಸ್ರಿಟ್ಟು ಕರೀತಾವ್ಳೆ ಕಣಜ್ಜಿ!" ಅವಳು ನಗುತ್ತಿದ್ದಳು.  "ನಗಬ್ಯಾಡ ಕಣೆ, ಮುಂದ್ಕೆ ಎಲ್ಗೋಗ್ತಾರೆ ಕೇಳು, ಈಗ್ಲೇ ಕೇಳು" ಎಂದು ಕಿರುಚಿದೆ. "ತಡಿ, ಕೇಳ್ತೀನಿ, ಅದ್ಯಾಕಂಗ್ ಬಡ್ಕೋತಿ" ಎಂದಳು. ಅಷ್ಟರಲ್ಲಿ ಲಂಗರು ಎತ್ತಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಅಲ್ಲಿಂದ ಈಚೆಗೆ ಮಣಿ ಮಾತಾಡಿಲ್ಲ.

ಊರಿಗೆ ಊರೇ ಕಡಲು ಕಚೇರಿಗೆ ಓಡಿದೆವು. ಅಲ್ಲಿ ಕೂತಿದ್ದ ಹುಡುಗಿ ತಲೆ ಎತ್ತದೆ, ಎಲ್ಲಿಗೆ ಕಳಿಸಿದ್ದೀರಿ ಎಂದಳು.  ಇಷ್ಟು ಮನೆಗಳ ಹೊಸ್ತಿಲಲ್ಲಿ ಇಷ್ಟು ಹೆಂಗಸರು ಕಾದು ನಿಂತಿದ್ದರೂ ಒಬ್ಬರಾದರೂ ಬಾಯಿ ಬಿಟ್ಟಿರಲಿಲ್ಲ. ಮೊಮ್ಮಗನನ್ನು ಕಳಿಸಿದ್ದ ಈರತಾಯಿ, "ಕೇಳ್ಬಾರ್ದಲ್ವೇನವ್ವ, ಅಪಸಕುನ" ಎಂದಳು. ಆ ಹುಡುಗಿ ಆಗ ತಲೆ ಎತ್ತಿದಳು. ಜಾಗ ಗೊತ್ತಿಲ್ಲದೆ ಹುಡುಕುವುದೆಲ್ಲಿ ಎಂದು ಕಡತ ಮುಚ್ಚಿದಳು. ಮೇಷ್ಟರು ಗೋಡೆಗೆ ಒರಗಿ, ಕುಣಿತ ಕಲಿಸಿದೆ, ಊಟ ಕಲಿಸಿದೆ, ಹೊಸ್ತಿಲು ಕಲಿಸಲಿಲ್ಲ ಎಂದು ಹಣೆ ಚಚ್ಚಿಕೊಂಡರು. ಬೈಯಲು ಹೋದವಳು ಅವರ ಕೈ ಹಿಡಿದು ತಡೆದೆ. 

ಅವರು ಕ್ರೂರಿಗಳಲ್ಲ, ಅದೇ ನನ್ನ ಹೆದರಿಕೆ. ಹೊಡೆಯುವವರಾಗಿದ್ದರೆ ಕೂಸು ಈಜಿಯಾದರೂ ಬಂದೀತು. ತಲೆಗೆ ಎಣ್ಣೆ ಹಚ್ಚಿ, ಹೊಸ ಹೆಸರಿಟ್ಟು, ನಿನ್ನವರು ನಿನ್ನನ್ನು ಕೇಳಲಿಲ್ಲವಲ್ಲ ಮಗಳೇ ಎಂದು ಮರುಗಿ ಎದೆಗೆ ಒತ್ತಿಕೊಳ್ಳುವವರಿಂದ ಹೇಗೆ ಓಡುತ್ತದೆ? ಈಗ ನಗುತ್ತಿದ್ದಾಳೆ. ಒಂದು ದಿನ ನಗು ನಿಲ್ಲುತ್ತದೆ. ಹೌದಲ್ಲ, ಅಜ್ಜಿ ಯಾಕೆ ಕೇಳಲಿಲ್ಲ ಎಂಬ ಯೋಚನೆ ಒಳಗೆ ಹೊಗುತ್ತದೆ.  ಮಣಿಯನ್ನು ಒತ್ತಿ ಹಿಡಿದು ನನಗೆ ಗೊತ್ತಿರುವ ಕಡಲಿನ ಹೆಸರುಗಳನ್ನೆಲ್ಲ ಕೂಗುತ್ತೇನೆ. ನನಗೆ ಎಷ್ಟು ಕಡಲು ಗೊತ್ತು, ಮೂರನೇ ಕ್ಲಾಸಿನವಳಿಗೆ? ತೇಲುನಾಡು ನಮ್ಮ ದಂಡೆಗೆ ಇನ್ನೊಮ್ಮೆ ಬರುವಷ್ಟರಲ್ಲಿ ನನ್ನ ಕಣ್ಣು ಮುಚ್ಚಿರುತ್ತದೆ.

ಅದಕ್ಕೇ ನಿಮ್ಮ ಕಾಲು ಹಿಡಿಯುತ್ತೇನೆ, ತಾಯಂದಿರೇ. ಈ ಒಂದು ಶಾಸ್ತ್ರ ಬಿಡಿ. ಮನೆಯಿಂದ ಹೊರಟವರನ್ನು ಕೇಳಿ. ಬಾಯಿ ತುಂಬ, ಮೂರು ಸಲ, ಎಲ್ಲಿಗೆ ಎಂದು ಕೇಳಿ. ಸಿಡುಕಿದರೆ ಸಿಡುಕಲಿ, ಅಪಶಕುನ ಎಂದು ಅತ್ತೆ ಗೊಣಗಿದರೆ ಗೊಣಗಲಿ. ನಿಮ್ಮ ಮಕ್ಕಳಿಗೆ ಕಲಿಸಿ, ಅವರು ತಮ್ಮ ಮಕ್ಕಳಿಗೆ ಕಲಿಸಲಿ. ಆ ಮಾತು ಬಾಯಿಂದ ಬಾಯಿಗೆ ಇಳಿದು ನಮ್ಮವ್ವನವರೆಗೆ ಬರಲಿ. ಅವಳು ಸೌಟು ಎತ್ತದೆ, ಕೇಳು ಮಗ ಎನ್ನಲಿ. ಆಗ ಆ ದಿನ ಹೊಸ್ತಿಲಲ್ಲಿ ನನ್ನ ಬಾಯಿ ತಾನಾಗಿ ತೆರೆಯುತ್ತದೆ. ಆ ಹೆಂಗಸು ಬಗ್ಗಿ ನನ್ನ ಕಿವಿಯಲ್ಲಿ ಜಾಗ ಹೇಳುತ್ತಾಳೆ. ಶಾಲು ಅವಳ ಹೆಗಲ ಮೇಲೆಯೇ ಉಳಿಯುತ್ತದೆ.

ಹಾಗಾದರೆ ನಾನು ಈ ಓಲೆ ಬರೆಯುವ ಕಾರಣವೇ ಇರುವುದಿಲ್ಲ, ಅದು ನಿಮ್ಮ ಕೈಯಿಂದ ಮಂಜಿನಂತೆ ಕರಗಿಹೋಗುತ್ತದೆ ಎಂದು ಹಿಂದೋಲೆಯ ಅಂಚೆಯವನು ಹೇಳಿದ. ಕರಗಲಿ. ಈ ಕಾಗದ ನಿಮ್ಮ ಕೈಯಲ್ಲಿ ಇನ್ನೂ ಇದೆ ಎಂದರೆ ನೀವು ಇನ್ನೂ ಕೇಳಿಲ್ಲ.

ಬಾಗಿಲಲ್ಲಿ ಯಾರೋ ಚಪ್ಪಲಿ ಮೆಟ್ಟುತ್ತಿದ್ದಾರೆ. ಓದಿದ್ದು ಸಾಕು. ಎದ್ದು ಕೇಳಿ.