ಹೆಸರು ಕತ್ತರಿಸಿಕೊಂಡು ಮಾರಿದ ನೋವಿನ ಮಾತ್ರೆ

ಔಷಧದಂಗಡಿಗಳ ಮೇಲ್ವಿಚಾರಣೆಯ ಹೊಣೆ ಹೊತ್ತ ಮಾನ್ಯರೇ,

ವೈದ್ಯರ ಚೀಟಿಯಿಲ್ಲದೆ, ಒಂದು ಪ್ರಶ್ನೆಯೂ ಇಲ್ಲದೆ ಮಾರಿದ ನೋವಿನ ಮಾತ್ರೆಗಳು ನನ್ನ ಶಿಷ್ಯೆಯೊಬ್ಬಳನ್ನು ರಕ್ತವಾಂತಿಯೊಡನೆ ಆಸ್ಪತ್ರೆಗೆ ಅಟ್ಟಿದವು. ಮಾರಿದ ಅಂಗಡಿಗಳು ಮರುದಿನವೂ ಎಂದಿನಂತೆ ಬಾಗಿಲು ತೆರೆದವು. ತಮ್ಮ ನಿದ್ದೆಗೆ ಭಂಗ ಬಂದಿಲ್ಲವೆಂದು ಭಾವಿಸುತ್ತೇನೆ.

ನಾನು ಜೆ.ಪಿ. ನಗರದಲ್ಲಿ ಯುವಜನರಿಗೆ ಸಂಜ್ಞಾಭಾಷೆ ಕಲಿಸುವವನು. ಬಿಟಿಎಂ ಲೇಔಟಿನ ಪಿಜಿಯಲ್ಲಿರುವ ಶರಣಮ್ಮ ನನ್ನಲ್ಲಿ ಕಲಿತು, ಜಯನಗರದ ಶಾಲೆಯೊಂದರಲ್ಲಿ ಕಿವಿ ಕೇಳದ ಮಕ್ಕಳಿಗೆ ಕೈಯಿಂದಲೇ ಪಾಠ ಹೇಳುತ್ತಿದ್ದಳು. ಇಷ್ಟು ಚಿಕ್ಕ ವಯಸ್ಸಿಗೇ ಸಂಧಿವಾತ. ಬೆಳಗಾದರೆ ಮೊಣಕಾಲು ನೋವು, ಬೆರಳುಗಳು ಬಿಡಿಸಿಕೊಳ್ಳವು. ಮಾತ್ರೆ ನುಂಗಿದರೆ ಮೊದಲ ಪಿರಿಯಡ್ಡಿನ ಹೊತ್ತಿಗೆ ಸಡಿಲವಾಗುತ್ತಿದ್ದವು. ಆ ಉಪಕಾರವನ್ನು ನಾನು ಅಲ್ಲಗಳೆಯಲಾರೆ. ಮಾತ್ರೆಯೆಲ್ಲ ವಿಷವೆನ್ನುವವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ.

ಆದರೆ ಪಿಜಿ ಪಕ್ಕದ ಅಂಗಡಿಯಲ್ಲಿ ಒಂದು ಮಾತ್ರೆ, ಶಾಲೆಯೆದುರಿನ ಅಂಗಡಿಯಲ್ಲಿ ಇನ್ನೊಂದು. ಅಂಗಡಿಯವರಿಬ್ಬರೂ ಸ್ಟ್ರಿಪ್ ಕತ್ತರಿಸಿ, ಹೆಸರಿದ್ದ ತುದಿಯನ್ನು ತಾವಿಟ್ಟುಕೊಂಡು, ಉಳಿದದ್ದನ್ನು ಕವರಿಗೆ ಹಾಕಿ ಕೊಟ್ಟರು. ಬಣ್ಣ ಬೇರೆ, ಕಂಪನಿ ಬೇರೆ, ಒಳಗಿನ ಔಷಧ ಒಂದೇ. ಹೊಟ್ಟೆ ಉರಿಯುತ್ತದೆಂದು ಹೇಳಿದಾಗ ದೊರೆತ ತಜ್ಞ ಸಲಹೆ ಇದು: "ಏನೂ ಆಗಲ್ಲಮ್ಮ, ಇಡೀ ಏರಿಯಾನೇ ತಗೊಳ್ಳುತ್ತೆ. ಗ್ಯಾಸ್ ಮಾತ್ರೆ ಒಂದು ಸೇರಿಸ್ಲಾ?"

ಆಸ್ಪತ್ರೆಯಲ್ಲಿ ನಾನು ಗದರಿದೆ: "ಎರಡೆರಡು ಯಾಕಮ್ಮ ನುಂಗ್ದೆ?"

"ಒಂದು ಬೆರಳಿಂದು, ಒಂದು ಮಣಕಾಲಿಂದು ಅಂತ ತಿಳ್ಕೊಂಡಿದ್ನಿರಿ ಸರ್."

ನಗಬೇಡಿ. ಹೆಸರೇ ಇಲ್ಲದ ಮಾತ್ರೆಯ ಮೇಲೆ ಅವಳು ಏನನ್ನು ಓದಿಕೊಳ್ಳಬೇಕಿತ್ತು?

ಇಂಥ ಮಾತ್ರೆ ನೋವು, ಊತಗಳನ್ನು ತಗ್ಗಿಸುತ್ತದೆಯೇ ಹೊರತು ಕೀಲನ್ನು ಸವೆಸುವ ಆ ರೋಗವನ್ನು ತಡೆಯದು, ಮಿತಿ ಮೀರಿದರೆ ಜಠರ, ಮೂತ್ರಪಿಂಡ, ಹೃದಯಗಳಿಗೂ ಅಪಾಯವೆಂದು ವೈದ್ಯೆ ತಿಳಿಸಿದರು. ಕೌಂಟರಿನಾಚೆಯಿಂದ ಯಾರಾದರೂ ಇದರ ಅರ್ಧವನ್ನಾದರೂ ಹೇಳಬಾರದಿತ್ತೇ? ರೋಗಕ್ಕೆ ತಕ್ಕ ಚಿಕಿತ್ಸೆ ಈಗ ಆರಂಭವಾಗಿದೆ, ಆದರೆ ಫಲ ನಿಧಾನ. ಜಠರದಲ್ಲಾದ ಹುಣ್ಣು ಮಾಯುವವರೆಗೆ ನೋವಿನ ಮಾತ್ರೆ ಮುಟ್ಟುವಂತಿಲ್ಲ. ಶಾಲೆ ಅವಳ ಜಾಗಕ್ಕೆ ಬೇರೆಯವರನ್ನು ಹುಡುಕುತ್ತಿದೆ. ಮೊನ್ನೆ ಕೇಳಿದಳು: "ಗುಳಿಗಿ ತಗೊಂಡ್ರ ಹೊಟ್ಟಿ, ಬಿಟ್ರ ಕೈ. ನಾ ಯಾವುದು ಉಳಿಸ್ಕೊಳ್ಲಿ ಸರ್?"

ಈ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ. ಚೀಟಿಯಿಲ್ಲದೆ ಈ ಮಾತ್ರೆ ಮಾರುವ ಅಂಗಡಿಗಳ ಮೇಲೆ ಕ್ರಮ ಕೈಗೊಳ್ಳಿ. ಕತ್ತರಿಸಿ ಕೊಡುವ ಪ್ರತಿ ತುಂಡಿನೊಡನೆ ಔಷಧದ ಹೆಸರನ್ನೂ ಎಚ್ಚರಿಕೆಯನ್ನೂ ಕನ್ನಡದಲ್ಲಿ ಬರೆದು ಕೊಡುವಂತೆ ಆದೇಶಿಸಿ. ಶರಣಮ್ಮನಿಗೆ ತಡವಾಯಿತು. ಅವಳ ಪಿಜಿಯಲ್ಲಿ ಇನ್ನೂ ಎಷ್ಟೋ ಹುಡುಗಿಯರಿದ್ದಾರೆ, ಅಂಗಡಿಯೂ ಅಲ್ಲೇ ಇದೆ.

ಇಂತಿ,
ಉತ್ತರ ಬಂದೇ ಬರುತ್ತದೆಂದು ಶಿಷ್ಯರಿಗೆ ಮಾತು ಕೊಟ್ಟು ಪೇಚಿಗೆ ಸಿಲುಕಿರುವ,
ಏಕಾಂತಯ್ಯ
ಜೆ.ಪಿ. ನಗರ