ದೀಪಾವಳಿಯ ಕತ್ತಲೆ

ಫಾಸ್ಟರ್ ಸಿಟಿ, ಹಬ್ಬದ ಮರುದಿನ

ಪ್ರೀತಿಯ ಅತ್ತಿಗೆ,

ನಿನ್ನೆ ಸಂಜೆ ಹಬ್ಬದ ದೀಪಗಳನ್ನು ನಾನೇ ಶಾಂತ ಮಾಡಿದೆ, ಬೈಯಬೇಡಿ. ಬಾಲ್ಕನಿಯಲ್ಲಿ ಹಣತೆ ಹಚ್ಚಿದ್ದೆ. ಪಕ್ಕದ ಮನೆಯ ತೊಂಬತ್ತು ವರ್ಷದ ಎಡ್ನಾ ನಡುಗುತ್ತ ಬಂದರು.

"ಬೇಗ ಆರಿಸು ಮಗೂ, ವಿಮಾನಕ್ಕೆ ಕಾಣುತ್ತೆ."

ಈಚೆಗೆ ಅವರಿಗೆ ಮರೆವು. ಬಾಲ್ಯದಲ್ಲಿ ಕಂಡ ಎರಡನೇ ಮಹಾಯುದ್ಧ ಅವರ ಪಾಲಿಗೆ ಇನ್ನೂ ಮುಗಿದಿಲ್ಲ. ಆಗ ಶತ್ರು ವಿಮಾನಗಳಿಗೆ ಹೆದರಿ ಈ ಕರಾವಳಿಯಲ್ಲೆಲ್ಲ ದೀಪ ಆರಿಸುತ್ತಿದ್ದರಂತೆ. ಬಾಯಿಂದ ಊದಲು ಮನಸ್ಸಾಗದೆ ಒಂದೊಂದು ಹಣತೆಯನ್ನೂ ಸೇವಂತಿಗೆಯಿಂದ ಮುಚ್ಚಿದೆ. ಕತ್ತಲಲ್ಲಿ ಕೈ ಹಿಡಿದು ಕೂತೆವು. ಕೊಲ್ಲಿಯ ನೀರು ಮಾತ್ರ ಮಿನುಗುತ್ತಿತ್ತು. ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ನಮ್ಮ ಮೇಲೆ ಹಾದುಹೋಯಿತು. ಎಡ್ನಾ ಕಣ್ಣು ಮುಚ್ಚಿ ಕಿವಿಗೊಟ್ಟರು.

"ನಮ್ಮದೇ," ಎಂದರು. "ಇನ್ನು ಹಚ್ಚಿಕೋ."

ಎಲ್ಲವನ್ನೂ ಹಚ್ಚಿದೆ. ನನ್ನ ಮಂಡಿನೋವು ಕಡಿಮೆ. ಕಾರ್ಡಿನಲ್ಲಿ ಜಾಗವಿಲ್ಲ.

ನಿಮ್ಮ ನಾದಿನಿ
ಪದ್ಮಜಾ